ಮಾರಾಟ ತೆರಿಗೆಯ ಊರುಗಳು: ಟೆಕ್ಸಾಸಿನ ಕಾಲಿನ್ ಕೌಂಟಿ

2022ರ ಸೆಪ್ಟೆಂಬರ್ 21ರ ನಸುಕು. ಅಮೆರಿಕದ ಟೆಕ್ಸಾಸ್ ರಾಜ್ಯದ ಫ್ರಿಸ್ಕೊ ಎಂಬ ಊರಿನಲ್ಲಿ ದಿನಸಿ ಅಂಗಡಿಯೊಂದರ ಮುಂದೆ ಉದ್ದನೆಯ ಸಾಲು. ಹಿಂದಿನ ದಿನವೇ ಬಂದು ಮಡಿಸುವ ಕುರ್ಚಿ ಹಾಕಿಕೊಂಡು ಕೂತವರೂ ಅದರಲ್ಲಿದ್ದರು. ಒಳಗೆ ಮಾರಾಟಕ್ಕಿದ್ದದ್ದು ಹಾಲು, ತರಕಾರಿ, ಮಾಂಸ, ಬ್ರೆಡ್ಡು. ಅಂಥ ಅಂಗಡಿಗಳು ಸುತ್ತಮುತ್ತ ಬೇಕಾದಷ್ಟಿದ್ದವು. ಆದರೂ ಜನ ಬಂದರು. ಎಚ್‌ಇಬಿ ಎಂಬ ಈ ಕಂಪನಿ 1905ರಿಂದ ಟೆಕ್ಸಾಸಿನಲ್ಲಿ ವ್ಯಾಪಾರ ಮಾಡುತ್ತಿದೆ, ಸ್ಯಾನ್ ಆಂಟೋನಿಯೊ, ಆಸ್ಟಿನ್ ಕಡೆಯವರಿಗೆ ಅದು ಮನೆಯ ಹೆಸರಿದ್ದಂತೆ. ಡಲ್ಲಾಸ್‌ನ ಉತ್ತರದ ಉಪನಗರಗಳಲ್ಲಿ ಮಾತ್ರ ಆ ಹೆಸರಿನ ಅಂಗಡಿ ಇರಲಿಲ್ಲ. ಜಾಗವನ್ನು ವರ್ಷಗಳ ಹಿಂದೆಯೇ ಕೊಂಡಿಟ್ಟು ಕಂಪನಿ ಕಾದಿತ್ತು. ಫ್ರಿಸ್ಕೊ ಆದ ಮೇಲೆ ಅದೇ ವರ್ಷ ಪ್ಲೇನೊ, ಮರುವರ್ಷ ಮೆಕಿನಿ ಮತ್ತು ಆಲೆನ್. ವ್ಯಾಪಾರದವರು ಇಂಥ ಕಡೆ ಮೊದಲು ಎಣಿಸುವುದು ಮನೆಗಳ ಛಾವಣಿಗಳನ್ನು. ಛಾವಣಿ ಸಾಕಷ್ಟಾದ ಮೇಲೆ ಅಂಗಡಿ ಬರುತ್ತದೆ.

ಫ್ರಿಸ್ಕೊದ ಒಂದು ಭಾಗ ಪಕ್ಕದ ಡೆಂಟನ್ ಕೌಂಟಿಗೆ ಸೇರಿದೆ. ಉಳಿದ ಭಾಗವೂ ಪ್ಲೇನೊ, ಆಲೆನ್, ಮೆಕಿನಿ ಊರುಗಳೂ ಕಾಲಿನ್ ಕೌಂಟಿಯವು. ಕೌಂಟಿಯ ವಿಸ್ತಾರ 886 ಚದರ ಮೈಲಿ, ಎಂದರೆ ಹೆಚ್ಚುಕಡಿಮೆ ನಮ್ಮ ಬೆಂಗಳೂರು ನಗರ ಜಿಲ್ಲೆಯಷ್ಟು. 1836ರ ಟೆಕ್ಸಾಸ್ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಕಾಲಿನ್ ಮೆಕಿನಿಯ ಮೊದಲ ಹೆಸರು ಕೌಂಟಿಗೆ ಬಂತು, ಮನೆತನದ ಹೆಸರು ಅದರ ಕೇಂದ್ರವಾದ ಮೆಕಿನಿ ಊರಿಗೆ. 1970ರ ಜನಗಣತಿಯಲ್ಲಿ ಈ ಇಡೀ ಕೌಂಟಿಯಲ್ಲಿದ್ದವರು 66,920 ಮಂದಿ. 1990ರಲ್ಲಿ 2,64,036. 2020ರಲ್ಲಿ 10,64,465. 2024ರ ಅಂದಾಜು ಹನ್ನೆರಡೂವರೆ ಲಕ್ಷ. ಒಬ್ಬ ಮನುಷ್ಯನ ದುಡಿಮೆಯ ಆಯುಸ್ಸಿನಲ್ಲಿ ಜನಸಂಖ್ಯೆ ಹದಿನೆಂಟು ಪಟ್ಟಿಗೂ ಹೆಚ್ಚಾದ ಜಾಗ ಇದು. ಇಷ್ಟು ಜನಕ್ಕೆ ಮನೆ, ನೀರು, ಶಾಲೆ, ಅಂಗಡಿ ಬಂದದ್ದು ಹೇಗೆ, ಅದಕ್ಕೆ ದುಡ್ಡು ಎಲ್ಲಿಂದ ಹುಟ್ಟಿತು, ಬೆಳವಣಿಗೆಯ ಅಲೆ ಮುಂದೆ ಹೋದ ಮೇಲೆ ಹಿಂದುಳಿದ ಊರಿನ ಗತಿಯೇನು ಎಂಬುದು ಈ ಉಪನ್ಯಾಸದ ವಿಷಯ.

ಮೊದಲು ಮಣ್ಣಿನ ಮಾತು. ಧಾರವಾಡ, ಗದಗ, ರಾಯಚೂರಿನ ಎರೆಹೊಲ ಕಂಡವರಿಗೆ ಕಾಲಿನ್ ಕೌಂಟಿಯ ನೆಲ ಹೊಸದೆನಿಸದು. ಅದೇ ಕಪ್ಪು ಜಿಗುಟು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಲ್ಲಿನ ದೊಡ್ಡ ಬೆಳೆ ಹತ್ತಿಯೇ. ಪೂರ್ವದ ಫಾರ್ಮರ್ಸ್‌ವಿಲ್ ಕಡೆ ಈರುಳ್ಳಿಯೂ ಹೆಸರುವಾಸಿಯಾಗಿತ್ತು. ಈಗ ಆ ಹೊಲಗಳ ಮೇಲೆ ಮನೆಗಳಿವೆ, ಮಣ್ಣಿನ ಗುಣ ಮಾತ್ರ ಹೋಗಿಲ್ಲ. ಜುಲೈ, ಆಗಸ್ಟ್ ತಿಂಗಳಲ್ಲಿ ಮನೆಯವರು ಗೋಡೆಯ ಬುಡದುದ್ದಕ್ಕೂ ರಂಧ್ರದ ಪೈಪು ಹಾಸಿ ಪಾಯಕ್ಕೆ ನೀರುಣಿಸುತ್ತಾರೆ. ನೆಲ ಒಣಗಿ ಕುಗ್ಗಿದರೆ ಪಾಯದ ಕಾಂಕ್ರೀಟು ಸೀಳಿ, ಬಾಗಿಲು ಚೌಕಟ್ಟಿಗೆ ಕೂರದಂತಾಗುತ್ತದೆ. ಗಿಡಕ್ಕೆ ನೀರು ಹಾಕುವುದನ್ನು ಕಂಡು ಬೆಳೆದ ನಮ್ಮವರು ಮನೆಗೂ ನೀರು ಹಾಕುವುದನ್ನು ಅಲ್ಲಿಗೆ ಹೋಗಿ ಕಲಿತಿದ್ದಾರೆ.

ಈ ಊರುಗಳು ರಸ್ತೆಯಿಂದಲೇ ಹುಟ್ಟಿದವು ಎಂದು ಇಂದು ನೋಡುವವರಿಗೆ ಅನ್ನಿಸಬಹುದು. ಹಾಗೇನಿಲ್ಲ. ಡಲ್ಲಾಸ್‌ನಿಂದ ಪ್ಲೇನೊ, ಆಲೆನ್, ಮೆಕಿನಿ ದಾಟಿ ಷೆರ್ಮನ್‌ವರೆಗೆ 1908ರಿಂದ ವಿದ್ಯುತ್ ರೈಲು ಓಡುತ್ತಿತ್ತು. 1948ರಲ್ಲಿ ಅದು ನಿಂತಿತು. ಆಮೇಲಿನ ಬೆಳವಣಿಗೆಗೆ ದಾರಿ ಹಾಕಿದ್ದು 75ನೇ ಹೆದ್ದಾರಿ, ಡಲ್ಲಾಸ್ ನಾರ್ತ್ ಟೋಲ್‌ವೇ, ಅವೆರಡನ್ನೂ ಅಡ್ಡ ಕತ್ತರಿಸುವ 121 ಮತ್ತು 380ನೇ ರಸ್ತೆಗಳು. ನೀರಿನ ಕಥೆ ಇನ್ನೂ ಉದ್ದ. 1950ರ ದಶಕದ ಲವಾನ್ ಜಲಾಶಯ ಸಾಲದೆ, ಪಕ್ಕದ ಫ್ಯಾನಿನ್ ಕೌಂಟಿಯಲ್ಲಿ ಬೋ-ಡಾರ್ಕ್ ಎಂಬ ಹೊಸ ಜಲಾಶಯ ಕಟ್ಟಬೇಕಾಯಿತು. 2023ರಲ್ಲಿ ಅದರ ನೀರು ಹರಿಯತೊಡಗಿತು. ಟೆಕ್ಸಾಸಿನಲ್ಲಿ ಸುಮಾರು ಮೂವತ್ತು ವರ್ಷಗಳಲ್ಲಿ ಕಟ್ಟಿದ ಮೊದಲ ದೊಡ್ಡ ಜಲಾಶಯ ಅದು.

ಮನೆಗಳ ಹಿಂದೆ ಕೆಲಸವೂ ಬಂತು. ರಾಸ್ ಪೆರೊ ಕಟ್ಟಿದ ಇಡಿಎಸ್ ಎಂಬ ಕಂಪ್ಯೂಟರ್ ಸೇವೆಯ ಕಂಪನಿ ಪ್ಲೇನೊದ ಪಶ್ಚಿಮಕ್ಕೆ ಸಾವಿರಾರು ಎಕರೆ ಕೊಂಡು ಲೆಗಸಿ ಎಂಬ ವ್ಯಾಪಾರೋದ್ಯಮ ವಲಯ ಮಾಡಿತು. 1980ರ ದಶಕದಲ್ಲಿ ಫ್ರಿಟೊ-ಲೇ ಅಲ್ಲಿಗೆ ಬಂತು. 1987ರಲ್ಲಿ ಜೆಸಿ ಪೆನ್ನಿ ನ್ಯೂಯಾರ್ಕ್ ಬಿಟ್ಟು ಅಲ್ಲಿಗೇ ಹೊರಡುವುದಾಗಿ ಸಾರಿತು. 2017ರಲ್ಲಿ ಟೊಯೋಟಾದ ಉತ್ತರ ಅಮೆರಿಕದ ಮುಖ್ಯ ಕಚೇರಿ ಕ್ಯಾಲಿಫೋರ್ನಿಯಾದಿಂದ ಅಲ್ಲಿಗೆ ಬಂದು ನೂರು ಎಕರೆಯಲ್ಲಿ ನೆಲೆಸಿತು. ಇದರಲ್ಲಿ ಬೆಂಗಳೂರಿನ ಪಾಲೂ ಇದೆ: 2006ರಲ್ಲಿ ಇದೇ ಇಡಿಎಸ್ ಬೆಂಗಳೂರಿನ ಎಂಫಸಿಸ್ ಕಂಪನಿಯ ಅರ್ಧಕ್ಕೂ ಹೆಚ್ಚು ಷೇರು ಕೊಂಡಿತು. ಜೆಸಿ ಪೆನ್ನಿಯ ತಂತ್ರಜ್ಞಾನ ಕೇಂದ್ರವೂ ಬೆಂಗಳೂರಿನಲ್ಲಿದೆ. ಹೀಗಾಗಿ ಪ್ಲೇನೊದ ಅಂಗಡಿಯಲ್ಲಿ ಅಂಗಿ ಕೊಳ್ಳುವವರಲ್ಲೂ ಕನ್ನಡಿಗರಿದ್ದಾರೆ, ಆ ಮಾರಾಟದ ಲೆಕ್ಕ ಇಡುವ ತಂತ್ರಾಂಶ ನೋಡಿಕೊಳ್ಳುವವರಲ್ಲೂ ಕನ್ನಡಿಗರಿದ್ದಾರೆ.

ಇನ್ನು ದುಡ್ಡಿನ ವಿಚಾರ. ಇದನ್ನು ಬಿಡಿಸಿ ನೋಡದೆ ಇಲ್ಲಿನ ಒಂದು ಮಾಲ್ ಕೂಡ ಅರ್ಥವಾಗದು.

ಟೆಕ್ಸಾಸಿನಲ್ಲಿ ವೈಯಕ್ತಿಕ ಆದಾಯ ತೆರಿಗೆ ಎಂಬ ರಾಜ್ಯ ತೆರಿಗೆಯೇ ಇಲ್ಲ. ಸ್ಥಳೀಯ ಆಡಳಿತ ನಿಂತಿರುವುದು ಆಸ್ತಿ ತೆರಿಗೆ ಮತ್ತು ಮಾರಾಟ ತೆರಿಗೆಯ ಮೇಲೆ. ಗ್ರಾಹಕ ಒಂದು ಡಾಲರ್ ಖರ್ಚು ಮಾಡಿದರೆ ರಾಜ್ಯಕ್ಕೆ ಆರೂಕಾಲು ಸೆಂಟು, ಸ್ಥಳೀಯರಿಗೆ ಹೆಚ್ಚೆಂದರೆ ಎರಡು ಸೆಂಟು. ಒಟ್ಟು ಎಂಟೂಕಾಲನ್ನು ಮೀರುವಂತಿಲ್ಲ. ಆ ಎರಡು ಸೆಂಟಿನ ಮೇಲೆ ಊರುಗಳ ಬದುಕು ನಿಂತಿದೆ. ಹೊಸ ಮನೆ ಬಂದರೆ ಆಸ್ತಿ ತೆರಿಗೆ ಬರುತ್ತದೆ ನಿಜ, ಅದರ ಜೊತೆಗೆ ಶಾಲೆಗೆ ಹೋಗುವ ಮಕ್ಕಳು, ಕಸದ ಗಾಡಿ, ಉದ್ಯಾನ, ಗ್ರಂಥಾಲಯ ಎಲ್ಲವೂ ಬರುತ್ತವೆ. ಅಂಗಡಿ ಆಸ್ತಿ ತೆರಿಗೆಯನ್ನೂ ಕೊಡುತ್ತದೆ, ಮಾರಾಟ ತೆರಿಗೆಯನ್ನೂ ತರುತ್ತದೆ, ಶಾಲೆಗೆ ಮಗುವನ್ನು ಕಳಿಸುವುದಿಲ್ಲ. ಪಕ್ಕದೂರಿನವರು ನಮ್ಮೂರಿಗೆ ಬಂದು ಸೋಫಾ ಕೊಂಡರೆ ಅವರ ದುಡ್ಡಿನಲ್ಲಿ ನಮ್ಮ ರಸ್ತೆಗೆ ಡಾಂಬರು ಬೀಳುತ್ತದೆ. ನಗರಸಭೆಯವರು ಮಾಲ್ ಕಟ್ಟುವವರ ಹಿಂದೆ ಹೋಗುವುದು ಮೋಹದಿಂದಲ್ಲ, ಈ ಲೆಕ್ಕದಿಂದ.

ಇದರಲ್ಲೂ ಒಂದು ಸೂಕ್ಷ್ಮವಿದೆ. ಅಡುಗೆಗೆ ಬೇಕಾದ ದಿನಸಿಯಲ್ಲಿ ಬಹುಪಾಲಿಗೆ ಟೆಕ್ಸಾಸಿನಲ್ಲಿ ಮಾರಾಟ ತೆರಿಗೆಯಿಲ್ಲ. ಆದ್ದರಿಂದ ಊರುಗಳ ಪೈಪೋಟಿ ಹೆಚ್ಚಾಗಿ ಬಟ್ಟೆ, ಪೀಠೋಪಕರಣ, ಟಿವಿ, ಹೋಟೆಲುಗಳಿಗಾಗಿ. ದಿನಸಿ ಅಂಗಡಿ ಬೇಕು, ಯಾಕೆಂದರೆ ವಾರಕ್ಕೆರಡು ಸಲ ಜನರನ್ನು ಕರೆತರುವುದು ಅದೇ. ಪಕ್ಕದ ಕೌಂಟಿಯ ದಿ ಕಾಲೊನಿ ಎಂಬ ಊರು 2015ರಲ್ಲಿ ನೆಬ್ರಾಸ್ಕಾ ಫರ್ನಿಚರ್ ಮಾರ್ಟ್ ಎಂಬ ದೈತ್ಯ ಅಂಗಡಿಯನ್ನು ತನ್ನದಾಗಿಸಿಕೊಂಡಿತು. ಇಂಥವರಿಗೆ ಅವರೇ ತಂದ ಮಾರಾಟ ತೆರಿಗೆಯ ಒಂದು ಪಾಲನ್ನು ವರ್ಷಗಟ್ಟಲೆ ಹಿಂತಿರುಗಿಸುವ ಒಪ್ಪಂದ ಮಾಡಿಕೊಳ್ಳಲು ರಾಜ್ಯದ ಕಾನೂನೇ ಅವಕಾಶ ಕೊಟ್ಟಿದೆ. ಒಂದೇ ಸೋಫಾಕ್ಕಾಗಿ ಅಕ್ಕಪಕ್ಕದ ಎರಡು ಊರು ಬೊಕ್ಕಸ ಬಿಚ್ಚುವ ಈ ಪದ್ಧತಿಯಿಂದ ಇಡೀ ಪ್ರದೇಶಕ್ಕೆ ಒಟ್ಟಾರೆ ಎಷ್ಟು ದಕ್ಕಿತು ಎಂಬ ಪ್ರಶ್ನೆಯನ್ನು ಅಲ್ಲಿ ಸಾಕಷ್ಟು ಜೋರಾಗಿ ಕೇಳಿಲ್ಲ, ಕೇಳಬೇಕು.

ಎರಡು ಸೆಂಟಿನಲ್ಲಿ ಒಂದು ಸೆಂಟು ಊರಿನ ಸಾಮಾನ್ಯ ಖರ್ಚಿಗೆ. ಉಳಿದ ಒಂದನ್ನು ಏನು ಮಾಡುವುದು? ಇಲ್ಲಿ ಕಾಲಿನ್ ಕೌಂಟಿಯ ಊರುಗಳು ಎರಡು ದಾರಿ ಹಿಡಿದವು. ಡಲ್ಲಾಸ್ ಪ್ರದೇಶದ ಸಾರ್ವಜನಿಕ ಸಾರಿಗೆ ಸಂಸ್ಥೆ ಡಾರ್ಟ್ 1983ರಲ್ಲಿ ಹುಟ್ಟಿದಾಗ ಪ್ಲೇನೊ ಅದಕ್ಕೆ ಸೇರಿ, ತನ್ನ ಆ ಇನ್ನೊಂದು ಸೆಂಟನ್ನು ಬಸ್ಸಿಗೂ ರೈಲಿಗೂ ಕೊಟ್ಟಿತು. ಫ್ರಿಸ್ಕೊ, ಆಲೆನ್, ಮೆಕಿನಿ ಸೇರಲಿಲ್ಲ. ಅವು ಆ ಸೆಂಟನ್ನು ಅರ್ಧರ್ಧ ಹಂಚಿ, ಕಂಪನಿಗಳನ್ನು ಕರೆತರುವ ಒಂದು ನಿಗಮಕ್ಕೂ, ಉದ್ಯಾನ, ಕ್ರೀಡಾಂಗಣಗಳಂಥವುಗಳಿಗೆ ಹಣ ಒದಗಿಸುವ ಇನ್ನೊಂದು ನಿಗಮಕ್ಕೂ ಕೊಟ್ಟವು. ಫಲ ಕಣ್ಣೆದುರಿಗಿದೆ. ಪ್ಲೇನೊಗೆ 2002ರ ಡಿಸೆಂಬರಿನಲ್ಲಿ ರೈಲು ಬಂತು. 2025ರ ಅಕ್ಟೋಬರಿನಲ್ಲಿ ವಿಮಾನ ನಿಲ್ದಾಣದಿಂದ ನೇರವಾಗಿ ಬರುವ ಸಿಲ್ವರ್ ಲೈನ್ ಕೂಡ ಬಂತು. ಫ್ರಿಸ್ಕೊಗೆ ಡಲ್ಲಾಸ್ ಕೌಬಾಯ್ಸ್ ಫುಟ್‌ಬಾಲ್ ತಂಡದ ಮುಖ್ಯ ಕಚೇರಿಯೂ ಗಾಲ್ಫ್ ವೃತ್ತಿಪರರ ಸಂಘದ ಮುಖ್ಯ ಕಚೇರಿಯೂ ಬಂದವು, ರೈಲು ಬರಲಿಲ್ಲ. ನೆರೆಯೂರುಗಳು ಉಳಿಸಿಕೊಂಡ ಸೆಂಟು ಪ್ಲೇನೊದವರ ಕಣ್ಣು ಕುಕ್ಕುವುದೂ ಸಹಜ. 2024ರಲ್ಲಿ ಅಲ್ಲಿನ ನಗರಸಭೆ ಡಾರ್ಟ್‌ನ ಪಾಲನ್ನು ಮುಕ್ಕಾಲು ಸೆಂಟಿಗೆ ಇಳಿಸಬೇಕೆಂದು ನಿರ್ಣಯ ಮಾಡಿತು. ಕಾರು ಓಡಿಸಲಾಗದ ವೃದ್ಧರಿಗೆ, ಊರಿಂದ ಮಕ್ಕಳ ಮನೆಗೆ ಬಂದು ಆರು ತಿಂಗಳು ಇರುವ ತಂದೆತಾಯಂದಿರಿಗೆ ಈ ಸೆಂಟಿನ ಜಗಳ ತಾತ್ವಿಕವಾದದ್ದಲ್ಲ. ಮಗ ಅಥವಾ ಸೊಸೆ ಕೆಲಸದಿಂದ ಬರುವವರೆಗೆ ಮನೆಯಿಂದ ಹೊರಗೆ ಹೋಗಲು ಅವರಿಗೆ ಬೇರೆ ದಾರಿಯೇ ಇಲ್ಲ.

ಮಾಲ್‌ಗಳ ಸರದಿ ನೋಡಿದರೆ ಅಲೆ ಯಾವ ದಿಕ್ಕಿಗೆ ಸಾಗಿದೆ ಎಂಬುದು ತಿಳಿಯುತ್ತದೆ. 1981ರಲ್ಲಿ ಪ್ಲೇನೊದಲ್ಲಿ 75ನೇ ಹೆದ್ದಾರಿಯ ಪಕ್ಕ ಕಾಲಿನ್ ಕ್ರೀಕ್ ಮಾಲ್ ತೆರೆಯಿತು. ಆಗ ಪ್ಲೇನೊ ಎಪ್ಪತ್ತು ಸಾವಿರ ಜನರ ಊರು, ಹತ್ತು ವರ್ಷದ ಹಿಂದೆ ಹದಿನೆಂಟು ಸಾವಿರವೂ ಇರಲಿಲ್ಲ. ಸುತ್ತಲಿನವರ ಹಬ್ಬದ ಖರೀದಿ, ಹುಡುಗ ಹುಡುಗಿಯರ ಶನಿವಾರದ ಓಡಾಟ ಎಲ್ಲ ಅಲ್ಲೇ. 2000ದ ಆಗಸ್ಟಿನಲ್ಲಿ ಉತ್ತರಕ್ಕೆ, ಫ್ರಿಸ್ಕೊದಲ್ಲಿ, ಸ್ಟೋನ್‌ಬ್ರೈಯರ್ ಸೆಂಟರ್ ತೆರೆಯಿತು. ಆಗ ಫ್ರಿಸ್ಕೊದ ಜನಸಂಖ್ಯೆ 33,714. ಅದೇ ವರ್ಷ ಆಲೆನ್‌ನಲ್ಲಿ ಔಟ್‌ಲೆಟ್ ಮಾಲ್. 2001ರ ಆಗಸ್ಟಿನಲ್ಲಿ ಪ್ಲೇನೊದ ಪಶ್ಚಿಮದಲ್ಲಿ ವಿಲೊ ಬೆಂಡ್ ಎಂಬ ದುಬಾರಿ ಮಾಲ್. ಒಂದು ವರ್ಷದ ಅಂತರದಲ್ಲಿ ಒಂದೇ ಕೌಂಟಿಯಲ್ಲಿ ಮೂರು. ವಿಲೊ ಬೆಂಡ್ ಹುಟ್ಟಿನಿಂದಲೇ ಏದುಸಿರು ಬಿಟ್ಟಿತು, ಹತ್ತು ವರ್ಷ ತುಂಬುವ ಮೊದಲೇ ಅದರ ದೊಡ್ಡ ಮಳಿಗೆಗಳಲ್ಲಿ ಎರಡು ಬಾಗಿಲು ಹಾಕಿದವು. ಹಳೆಯ ಕಾಲಿನ್ ಕ್ರೀಕ್ 2019ರ ಜುಲೈನಲ್ಲಿ ಮುಚ್ಚಿತು. ಮಾಲ್‌ಗಳು ಸತ್ತದ್ದು ಆನ್‌ಲೈನ್ ವ್ಯಾಪಾರದಿಂದ ಎಂದು ಹೇಳಿ ಮುಗಿಸುವುದು ಸುಲಭ. ಕಾಲಿನ್ ಕೌಂಟಿಯ ದಿನಾಂಕಗಳು ಬೇರೆ ಮಾತು ಹೇಳುತ್ತವೆ. ಆನ್‌ಲೈನ್ ವ್ಯಾಪಾರ ಬಲಿಯುವ ಮೊದಲೇ ಉತ್ತರದ ಹೊಸ ಮಾಲ್ ದಕ್ಷಿಣದ ಹಳೆಯ ಮಾಲ್‌ನ ಗಿರಾಕಿಗಳನ್ನು ಸೆಳೆದುಕೊಂಡಿತ್ತು.

ಮಾಲ್‌ಗಿಂತ ಚಿಕ್ಕದಾದರೂ ಅದಕ್ಕಿಂತ ಹರಡಿಕೊಂಡಿರುವ ಇನ್ನೊಂದು ಸಮಸ್ಯೆ ಇದೆ. ಪ್ಲೇನೊದ ದೊಡ್ಡ ರಸ್ತೆಗಳು ಹೆಚ್ಚುಕಡಿಮೆ ಮೈಲಿಗೊಂದರಂತೆ ಒಂದನ್ನೊಂದು ಅಡ್ಡ ಹಾಯುತ್ತವೆ. ಊರು ಬೆಳೆಯುವ ಹುರುಪಿನಲ್ಲಿ ಅಂಥ ಒಂದೊಂದು ವೃತ್ತದ ನಾಲ್ಕೂ ಮೂಲೆಯನ್ನು ಅಂಗಡಿಗಳಿಗೆಂದು ಗುರುತು ಮಾಡಿದರು. ಅಷ್ಟು ಮೂಲೆಗಳಿಗೆ ಸಾಕಾಗುವಷ್ಟು ವ್ಯಾಪಾರ ಎಂದೂ ಇರಲಿಲ್ಲ. ಒಂದು ಮೂಲೆಯ ಸೂಪರ್ ಮಾರ್ಕೆಟ್ ಖಾಲಿಯಾದರೆ ಪಕ್ಕದ ಡ್ರೈಕ್ಲೀನರ್, ಪಿಜ್ಜಾ ಅಂಗಡಿ, ಹೇರ್ ಸಲೂನುಗಳಿಗೂ ಗಿರಾಕಿ ತಪ್ಪುತ್ತಾರೆ.

ಇಂಥ ಖಾಲಿ ಜಾಗಗಳಿಗೆ ಮತ್ತೆ ಜೀವ ತುಂಬಿದವರಲ್ಲಿ ಏಷ್ಯಾದಿಂದ ಹೋದವರ ಪಾಲು ದೊಡ್ಡದು. 2020ರ ಗಣತಿಯ ಹೊತ್ತಿಗೆ ಫ್ರಿಸ್ಕೊದ ಎರಡು ಲಕ್ಷ ಜನರಲ್ಲಿ ಸುಮಾರು ಕಾಲು ಭಾಗ ಏಷ್ಯಾ ಮೂಲದವರು, ಅವರಲ್ಲಿ ಭಾರತೀಯರೇ ಹೆಚ್ಚು. ಬಿಟ್ಟುಹೋದ ಅಮೆರಿಕನ್ ಅಂಗಡಿಗಳ ಬಾಡಿಗೆ ಕಡಿಮೆ, ಪಾರ್ಕಿಂಗು ವಿಶಾಲ. ಹೊಸದಾಗಿ ವ್ಯಾಪಾರಕ್ಕಿಳಿದವರಿಗೆ ಬೇಕಾದದ್ದು ಅದೇ. ಇಂಡಿಯಾ ಬಜಾರಿನಂಥ ಅಂಗಡಿಗಳಲ್ಲಿ ಇಂದು ಸೋನಾ ಮಸೂರಿ ಅಕ್ಕಿ, ರಾಗಿ ಹಿಟ್ಟು, ಕರಿಬೇವು ಸಿಗುತ್ತವೆ. ಪಕ್ಕದಲ್ಲೇ ದೋಸೆಯ ಹೋಟೆಲು, ಭರತನಾಟ್ಯದ ತರಗತಿ, ಹುಬ್ಬು ತಿದ್ದುವ ಪಾರ್ಲರು. ಮಾಲ್ ಯೋಜಿಸಿದವರ ನಕ್ಷೆಯಲ್ಲಿ ಇದ್ಯಾವುದೂ ಇರಲಿಲ್ಲ. ಫ್ರಿಸ್ಕೊದ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನಕ್ಕೆ ಮೈಸೂರಿನ ಅವಧೂತ ದತ್ತ ಪೀಠದ ನಂಟಿದೆ. ಆಲೆನ್‌ನಲ್ಲಿ ಅಂಗಡಿ ಸಮುಚ್ಚಯದ ಪಕ್ಕ ಐಸ್ ಹಾಕಿ ಆಟಕ್ಕೂ ಸಂಗೀತಕ್ಕೂ ಕಟ್ಟಿದ ಒಳಾಂಗಣ ಕ್ರೀಡಾಂಗಣದಲ್ಲಿ 2023ರ ಗುರುಪೂರ್ಣಿಮೆಯಂದು ಹತ್ತು ಸಾವಿರ ಜನ ಸೇರಿ ಭಗವದ್ಗೀತೆ ಪಠಿಸಿದರು. ಆ ಊರಿಗೆ ಆ ವರ್ಷ ದೊಡ್ಡ ಗಾಯವೂ ಆಗಿತ್ತು. ಮೇ 6ರ ಶನಿವಾರ ಔಟ್‌ಲೆಟ್ ಮಾಲ್‌ನಲ್ಲಿ ಬಂದೂಕುಧಾರಿಯೊಬ್ಬ ಎಂಟು ಜನರನ್ನು ಕೊಂದ. ಸತ್ತವರಲ್ಲಿ ಮಕ್ಕಳಿದ್ದರು, ತೆಲಂಗಾಣದಿಂದ ಬಂದಿದ್ದ ಒಬ್ಬ ಯುವ ಎಂಜಿನಿಯರ್ ಇದ್ದರು. ಪೇಟೆ ಬೀದಿಯಿಲ್ಲದ, ಸಂತೆಯಿಲ್ಲದ ಊರುಗಳಲ್ಲಿ ಹತ್ತು ಭಾಷೆಯ ಜನ ಭುಜಕ್ಕೆ ಭುಜ ತಾಗಿಸಿ ನಡೆಯುವ ಜಾಗ ಮಾಲ್ ಒಂದೇ ಆಗಿರುತ್ತದೆ, ಆ ಗುಂಡುಗಳು ಬಿದ್ದದ್ದು ಅಂಥ ಜಾಗದ ಮೇಲೆ.

ಅಂಗಡಿಗೆ ಆದದ್ದು ಶಾಲೆಗೂ ಆಗುತ್ತಿದೆ. 2024ರ ಜೂನ್‌ನಲ್ಲಿ ಪ್ಲೇನೊದ ಶಾಲಾ ಮಂಡಳಿ ನಾಲ್ಕು ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು. ಮೂವತ್ತು ವರ್ಷದ ಹಿಂದೆ ಬಂದ ದಂಪತಿಗಳ ಮಕ್ಕಳು ಬೆಳೆದು ಹೋಗಿದ್ದಾರೆ. ಮನೆಯ ಬೆಲೆ ಏರಿ, ಚಿಕ್ಕ ಮಕ್ಕಳಿರುವ ಸಂಸಾರಗಳಿಗೆ ಅಲ್ಲಿ ಮನೆ ಎಟುಕುವುದಿಲ್ಲ. ಸ್ವತಃ ಫ್ರಿಸ್ಕೊದಲ್ಲೂ ಒಂದು ಶಾಲೆ ಮುಚ್ಚುವ ಮಾತಾಯಿತು. ಉತ್ತರದ ಪ್ರಾಸ್ಪರ್, ಸೆಲೈನಾಗಳಲ್ಲಿ ಹೊಸ ಶಾಲೆಗಳು ಏಳುತ್ತಲೇ ಇವೆ.

ಸೆಲೈನಾ ಈ ಅಲೆಯ ಇಂದಿನ ತುದಿ. 2010ರಲ್ಲಿ ಆರು ಸಾವಿರ ಜನರಿದ್ದ ಈ ಊರನ್ನು 2023ರಲ್ಲಿ ಅಮೆರಿಕದ ಅತಿ ವೇಗವಾಗಿ ಬೆಳೆಯುವ ನಗರವೆಂದು ಜನಗಣತಿ ಇಲಾಖೆ ಗುರುತಿಸಿತು. ಮರುವರ್ಷ ಆ ಸ್ಥಾನಕ್ಕೆ ಬಂದದ್ದು ಅದೇ ಕೌಂಟಿಯ ಪೂರ್ವಭಾಗದ ಪ್ರಿನ್ಸ್‌ಟನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಯುದ್ಧಕೈದಿಗಳನ್ನು ಇರಿಸಿ ಹೊಲದ ಕೆಲಸ ಮಾಡಿಸಿದ್ದ ಊರು ಅದು. ಒಂದೇ ವರ್ಷದಲ್ಲಿ ಅದರ ಜನಸಂಖ್ಯೆ ಶೇ. 30ರಷ್ಟು ಹೆಚ್ಚಿ 37 ಸಾವಿರ ಮುಟ್ಟಿತು. ಅಗ್ಗದ ಮನೆ ಹುಡುಕಿ ಬಂದವರೇ ಹೆಚ್ಚು. ಮನೆಗಳು ಬಂದವು, ಅಂಗಡಿಗಳು ಅದೇ ವೇಗದಲ್ಲಿ ಬರಲಿಲ್ಲ, ಎಂದರೆ ಮಾರಾಟ ತೆರಿಗೆಯೂ ಬರಲಿಲ್ಲ. ಊರಿನ ನಡುವೆ ಹಾಯುವ 380ನೇ ರಸ್ತೆಯಲ್ಲಿ ಬೆಳಗೂ ಸಂಜೆಯೂ ಕಾರುಗಳ ಸಾಲು. 2024ರ ಸೆಪ್ಟೆಂಬರಿನಲ್ಲಿ ನಗರಸಭೆ ಹೊಸ ವಸತಿ ಬಡಾವಣೆಗಳಿಗೆ ಅನುಮತಿ ಕೊಡುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ನೀರು, ಒಳಚರಂಡಿ, ರಸ್ತೆ, ಪೊಲೀಸು ಯಾವುದೂ ಸಾಲುತ್ತಿಲ್ಲವೆಂಬುದು ಕಾರಣ. ಆಮೇಲೆ ಆ ತಡೆಯನ್ನು ಮತ್ತೆ ವಿಸ್ತರಿಸಿತು. ಬಿಲ್ಡರುಗಳ ಬಲ ದೊಡ್ಡದಿರುವ ರಾಜ್ಯದಲ್ಲಿ ಒಂದು ಸಣ್ಣ ಊರು ಹೀಗೆ ನಿಲ್ಲಿ ಎಂದದ್ದು ಧೈರ್ಯದ ಕೆಲಸ.

ಇದೇ ಕೌಂಟಿಯಲ್ಲಿ ಬೇರೆ ಬಗೆಯ ಬಾಳಿಕೆಯೂ ಇದೆ. ಮೆಕಿನಿಯ ಹಳೆಯ ಚೌಕದ ನಡುವೆ ಹತ್ತೊಂಬತ್ತನೆಯ ಶತಮಾನದ ನ್ಯಾಯಾಲಯದ ಕಟ್ಟಡವಿದೆ, ಈಗ ಅದು ರಂಗಮಂದಿರ. ಸುತ್ತಲಿನ ಎರಡಂತಸ್ತಿನ ಇಟ್ಟಿಗೆ ಕಟ್ಟಡಗಳಲ್ಲಿ ಹತ್ತಿ ವ್ಯಾಪಾರದ ಕಾಲದಿಂದಲೂ ಒಂದಲ್ಲ ಒಂದು ಅಂಗಡಿ ನಡೆದಿದೆ. ಅಲ್ಲಿನ ಅಂಗಡಿಯ ಮುಂಭಾಗ ಚಿಕ್ಕದು. ಒಬ್ಬ ಬಾಡಿಗೆದಾರ ಹೋದರೆ ಇನ್ನೊಬ್ಬ ಬರಲು ಕಷ್ಟವಿಲ್ಲ, ಒಂದು ಅಂಗಡಿ ಸತ್ತರೆ ಇಡೀ ಚೌಕ ಸಾಯುವುದಿಲ್ಲ. ಪ್ಲೇನೊದ ಹಳೆಯ ಪೇಟೆಯಲ್ಲಿ ರೈಲು ನಿಲ್ದಾಣದ ಸುತ್ತ ಅಪಾರ್ಟ್‌ಮೆಂಟುಗಳು ಬಂದ ಮೇಲೆ ಹೋಟೆಲು, ಕಾಫಿ ಅಂಗಡಿಗಳಿಗೆ ನಡೆದೇ ಬರುವ ಗಿರಾಕಿಗಳು ಸಿಕ್ಕರು. 2017ರಲ್ಲಿ ತೆರೆದ ಲೆಗಸಿ ವೆಸ್ಟ್ ಎಂಬ ಸಿರಿವಂತ ಬಡಾವಣೆ ಕೂಡ ಮಾಲ್‌ನ ಮುಚ್ಚಿದ ಗೋಡೆ ಬಿಟ್ಟು ಬೀದಿ, ಮರ, ಮೇಲಂತಸ್ತಿನ ಮನೆಗಳ ಹಳೆಯ ಪೇಟೆಯ ಮಾದರಿಗೇ ಮರಳಿದೆ.

ಆದರೆ ಖಾಲಿ ಅಂಗಡಿಯ ಜಾಗದಲ್ಲಿ ಮನೆ ಕಟ್ಟುವುದು ಕಾಲಿನ್ ಕೌಂಟಿಯಲ್ಲಿ ಸುಲಭದ ಮಾತಾಗಿರಲಿಲ್ಲ. 2015ರಲ್ಲಿ ಪ್ಲೇನೊ ಒಪ್ಪಿದ ‘ಪ್ಲೇನೊ ಟುಮಾರೊ’ ಎಂಬ ನಗರಯೋಜನೆ ಕೆಲವು ಕಡೆ ದಟ್ಟವಾದ ವಸತಿಗೆ ಅವಕಾಶ ಕೊಟ್ಟಿತ್ತು. ಅಪಾರ್ಟ್‌ಮೆಂಟು ಹೆಚ್ಚಾದರೆ ಊರಿನ ಸ್ವರೂಪ ಕೆಡುತ್ತದೆಂದು ನಿವಾಸಿಗಳ ಒಂದು ಗುಂಪು ಸಹಿ ಸಂಗ್ರಹಿಸಿತು, ನ್ಯಾಯಾಲಯಕ್ಕೆ ಹೋಯಿತು. ಐದು ವರ್ಷ ಜಗ್ಗಾಡಿ 2020ರಲ್ಲಿ ನಗರಸಭೆ ಆ ಯೋಜನೆಯನ್ನೇ ಹಿಂತೆಗೆದುಕೊಂಡು, ಮರುವರ್ಷ ಹೆಚ್ಚು ಎಚ್ಚರಿಕೆಯ ಇನ್ನೊಂದನ್ನು ತಂದಿತು. ಆ ನಿವಾಸಿಗಳ ಅಳುಕನ್ನು ಸಣ್ಣದೆಂದು ತಳ್ಳಬೇಕಿಲ್ಲ, ಹಿತ್ತಲಿರುವ ಮನೆಗಾಗಿ ಅವರು ದುಡಿದ ವರ್ಷಗಳು ಸುಳ್ಳಲ್ಲ. ಆದರೂ ಅವರದೇ ಊರಿನ ಶಾಲೆಗಳು ಮಕ್ಕಳಿಲ್ಲದೆ ಮುಚ್ಚಿದ್ದಕ್ಕೂ ಚಿಕ್ಕ ಸಂಸಾರಗಳಿಗೆ ಮನೆ ಸಿಗದಂತೆ ಮಾಡಿದ ಇಂಥ ತೀರ್ಮಾನಗಳಿಗೂ ಇರುವ ಸಂಬಂಧವನ್ನು ಅವರು ನೋಡಬೇಕಿತ್ತು.

2025ರಲ್ಲಿ ಆಟದ ನಿಯಮವೇ ಬದಲಾಯಿತು. ಟೆಕ್ಸಾಸ್ ಶಾಸನಸಭೆ ಸೆನೆಟ್ ಬಿಲ್ 840 ಎಂಬ ಕಾನೂನು ಮಾಡಿತು. ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ಕೌಂಟಿಗಳಲ್ಲಿ, ಒಂದೂವರೆ ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ, ವಾಣಿಜ್ಯಕ್ಕೆಂದು ಗುರುತಾದ ಜಾಗದಲ್ಲಿ ಅಪಾರ್ಟ್‌ಮೆಂಟು ಕಟ್ಟಲು ಇನ್ನು ಜಾಗದ ಗುರುತು ಬದಲಿಸಿಕೊಳ್ಳಬೇಕಿಲ್ಲ. ಸೆಪ್ಟೆಂಬರ್ 1ರಿಂದ ಅದು ಜಾರಿಗೆ ಬಂತು. ಪ್ಲೇನೊ, ಫ್ರಿಸ್ಕೊ, ಮೆಕಿನಿ ಮೂರೂ ಇದರಡಿ ಬರುತ್ತವೆ, ಒಂದು ಲಕ್ಷದ ಆಸುಪಾಸಿನ ಆಲೆನ್ ಬರುವುದಿಲ್ಲ. ಪ್ಲೇನೊದ ಆ ನಾಲ್ಕು ಮೂಲೆಗಳಲ್ಲಿ ಖಾಲಿ ಬಿದ್ದ ಜಾಗದ ಮಾಲೀಕರು ಈಗ ನಗರಸಭೆಯ ಒಪ್ಪಿಗೆಗೆ ಕಾಯದೆ ಮನೆಗಳ ನಕ್ಷೆ ಬರೆಸಬಹುದು. ಅಂಥ ಬದಲಾವಣೆಗೆ ಮೊದಲು ಇನ್ನೂರು ಅಡಿಯೊಳಗಿನ ಮನೆಯವರಿಗೆ ನೋಟಿಸು ಬರುತ್ತಿತ್ತು, ಅವರು ಸಭೆಗೆ ಹೋಗಿ ಮಾತಾಡುತ್ತಿದ್ದರು. ಆ ಸಭೆಯೂ ಇಂಥ ಜಾಗಗಳ ಮಟ್ಟಿಗೆ ಇಲ್ಲವಾಯಿತು. ಮನೆ ಹೆಚ್ಚಲಿ ಎಂದು ಬಯಸುವವರಿಗೆ ಇದು ದೊಡ್ಡ ಗೆಲುವು. ಊರಿನ ಜನರೊಡನೆ ಮಾತಾಡಿಯೇ ಊರು ಕಟ್ಟಬೇಕೆಂದು ನಂಬುವವರಿಗೆ ಇದು ನಷ್ಟ. ಎರಡನ್ನೂ ಬಯಸುವವರು ಈಗ ಕಣ್ಣಿಡಬೇಕಾದದ್ದು ನಗರಸಭೆಗಳ ಕೈಯಲ್ಲಿ ಇನ್ನೂ ಉಳಿದಿರುವ ಕಾಲುದಾರಿ, ಬಸ್ಸು, ಉದ್ಯಾನಗಳ ಬಜೆಟ್ಟಿನ ಮೇಲೆ. ಹೊಸ ಅಪಾರ್ಟ್‌ಮೆಂಟಿನಿಂದ ಪಕ್ಕದ ದಿನಸಿ ಅಂಗಡಿಗೆ ಕಾರಿಲ್ಲದೆ ಹೋಗಲು ಆಗುತ್ತದೋ ಇಲ್ಲವೋ ಎಂಬುದನ್ನು ಆ ಬಜೆಟ್ಟು ತೀರ್ಮಾನಿಸುತ್ತದೆ.